ಕೆಂಪಿಯ ವಂಶಾವಳಿ

ನಮ್ಮ ಕರ್ಕಿಯ ಮನೆಯಲ್ಲಿ ಎರಡು ವಂಶಾವಳಿಗಳಿದ್ದವು. ಒಂದನ್ನು ದೊಡ್ಡಪ್ಪ ದಾಯಾದಿಗಳಿಂದೆಲ್ಲ ವಂತಿಗೆ ಎತ್ತಿ, ಹೊನ್ನಾವರ, ಕುಮಟೆ, ಸಿರ್ಸಿ ಎಂದು ಓಡಾಡಿ ಮಾಹಿತಿ ಕೂಡಿಸಿ ಅಚ್ಚು ಹಾಕಿಸಿದ್ದರು. ಇನ್ನೊಂದು ಅಜ್ಜಿಯ ಬಾಯಲ್ಲಿತ್ತು. ಮೊದಲನೆಯದು ಮನುಷ್ಯರದು, ಎರಡನೆಯದು ನಾಯಿಗಳದು. ಮೊದಲನೆಯದರಲ್ಲಿ ತಪ್ಪೊಪ್ಪು ಪಟ್ಟಿಗೆ ಎರಡು ಪುಟ ಹಿಡಿದಿತ್ತು. ಎರಡನೆಯದಕ್ಕೆ ಅಂಥ ಅಗತ್ಯ ಬೀಳಲಿಲ್ಲ.

ದೊಡ್ಡಪ್ಪನ ಪುಸ್ತಕದ ನಡುವೆ ಮಡಚಿಟ್ಟ ದೊಡ್ಡ ಹಾಳೆಯೊಂದಿತ್ತು. ಬಿಡಿಸಿದರೆ ಬುಡದಲ್ಲಿ ಮೂಲಪುರುಷ, ಅಲ್ಲಿಂದ ಕವಲೊಡೆದು ಗಣಪತಿ, ಸುಬ್ರಾಯ, ಶಂಭು. ಅವರ ಮೊಮ್ಮಕ್ಕಳಾಗಿ ಮತ್ತೆ ಶಂಭು, ಸುಬ್ರಾಯ, ಗಣಪತಿ. ಅಜ್ಜನ ಹೆಸರು ಮೊಮ್ಮಗನಿಗೆ ಬರುವ ಪದ್ಧತಿಯಾದ್ದರಿಂದ ಅಷ್ಟು ದೊಡ್ಡ ಮರಕ್ಕೆ ಐದಾರು ಹೆಸರಿನಲ್ಲೇ ಕೆಲಸ ನಡೆದುಹೋಗಿತ್ತು. ಯಾವ ಗಣಪತಿ ತೋಟ ಮಾಡಿದವನು, ಯಾವ ಗಣಪತಿ ಅದನ್ನು ಅಡವಿಟ್ಟವನು ಎಂಬುದು ದೊಡ್ಡಪ್ಪನಿಗೆ ಮಾತ್ರ ಗೊತ್ತಿತ್ತು. ಈಗ ಅವರೂ ಇಲ್ಲ. ಹೆಂಗಸರು ಕಂಸದೊಳಗೆ ಇದ್ದರು, ಅದೂ ಕೆಲವರು. ಅಜ್ಜಿಯ ಹೆಸರು ಇತ್ತು. ಆದರೆ ಅದು ಮದುವೆಯ ದಿನ ಗಂಡನ ಮನೆಯವರು ಅಕ್ಕಿಯ ಮೇಲೆ ಬರೆದು ಇಟ್ಟ ಹೆಸರು. ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೋ, ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಪುಸ್ತಕ ಕೈಗೆ ಬಂದ ದಿನ ಅಜ್ಜಿ ಕನ್ನಡಕ ಏರಿಸಿ, ಹಾಳೆಯನ್ನು ಬುಡದಿಂದ ತುದಿಯವರೆಗೆ ಬೆರಳಾಡಿಸಿ ನೋಡಿ, "ಇದ್ರಲ್ಲಿ ಹಡೆದವ್ವು ಒಬ್ರೂ ಇಲ್ಲೆ" ಎಂದು ಹೇಳಿ ಕೊಟ್ಟಿಗೆಗೆ ಹೋದಳು. ಅದು ಸಿಟ್ಟಿನ ಮಾತಾಗಿರಲಿಲ್ಲ. ಲೆಕ್ಕ ಒಪ್ಪಿಸಿದ ಧಾಟಿ ಅಷ್ಟೆ.

ನಾಯಿಗಳ ವಿಷಯದಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿ ಬುಡದಲ್ಲಿದ್ದವಳು ಕೆಂಪಿ. ಕೆಂಪಿಯ ಮಗಳು ಮುದ್ದಿ, ಮುದ್ದಿಯ ಮಗಳು ಬೆಳ್ಳಿ, ಬೆಳ್ಳಿಯ ಮಕ್ಕಳಲ್ಲಿ ಒಬ್ಬಳು ಪುಟ್ಟಿ. ಅಪ್ಪಂದಿರು ಕಂಸದೊಳಗೂ ಇಲ್ಲ. ನಾನು ಚಿಕ್ಕವನಿದ್ದಾಗ ಒಮ್ಮೆ, ಈ ಮರಿಗಳ ಅಪ್ಪ ಯಾರು ಎಂದು ಕೇಳಿದ್ದಕ್ಕೆ ಅಜ್ಜಿ, "ಅದೆಲ್ಲ ಕೇಳಡ ತಮಾ, ಬೆಳ್ಳಿ ಮಕ್ಕ ಹೇಳಿ ಗೊತ್ತಿದ್ದಲ, ಸಾಕು" ಎಂದು ಬಾಯಿ ಮುಚ್ಚಿಸಿದ್ದಳು. ಅದರಲ್ಲಿ ಮುಚ್ಚುಮರೆಯ ಜೊತೆಗೆ ಶಾಸ್ತ್ರವೂ ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ನಾಯಿಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಬೇರೆಬೇರೆ ತಂದೆಯರಿರಬಹುದು. ಕಾರ್ತಿಕದಲ್ಲಿ ನಮ್ಮ ಬೇಲಿಯಾಚೆ ಸೇರುತ್ತಿದ್ದ ಮಹನೀಯರ ಸಂಖ್ಯೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ದೀಪಾವಳಿ ಕಳೆದು ಒಂದು ಕಡೆ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುವುದಕ್ಕೂ, ಇನ್ನೊಂದು ಕಡೆ ಊರ ಗಂಡುನಾಯಿಗಳು ರಾತ್ರಿಯಿಡೀ ಏರುಪದ ಹಾಡುವುದಕ್ಕೂ ಸರಿಹೋಗುತ್ತಿತ್ತು. ಅಂಥ ಗದ್ದಲದಲ್ಲಿ ಖಚಿತವಾಗಿ ಹೇಳಬಹುದಾದ್ದು ಒಂದೇ: ತಾಯಿ ಯಾರು ಎಂಬುದು.

ಕೆಂಪಿ ಬಂದದ್ದು ಆಷಾಢದ ಮಳೆಯಲ್ಲಿ, ಬಡಗಣಿ ಹೊಳೆಯ ಸೇತುವೆಯ ಕಡೆಯಿಂದ. ನಮ್ಮ ಕಡೆ ನಾಯಿ ಈದರೆ ಗಂಡುಮರಿಗಳಿಗೆ ಕಣ್ಣು ಬಿಡುವ ಮೊದಲೇ ಗಿರಾಕಿಗಳು. ತೋಟ ಕಾಯಲು ಒಂದು, ಮಂಗ ಓಡಿಸಲು ಒಂದು, ಅಂಗಡಿಯ ಕಟ್ಟೆಗೆ ಒಂದು. ಹೆಣ್ಣುಮರಿಗಳನ್ನು ಕೇಳುವವರಿಲ್ಲ. ಕೇಳುವವರಿಲ್ಲದ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸಿ ಬಿಟ್ಟುಬರುವುದು ಒಳ್ಳೆಯ ಗೃಹಸ್ಥರೂ ಮಾಡುತ್ತಿದ್ದ ಕೆಲಸ. ಹೊಳೆ ದಾಟಿದರೆ ವಾಪಸು ಬರುವ ದಾರಿ ಗೊತ್ತಾಗುವುದಿಲ್ಲ ಎಂಬ ನಂಬಿಕೆ. ಆಚೆಯವರು ಈಚೆ ತಂದು ಬಿಡುತ್ತಿದ್ದರು, ಈಚೆಯವರು ಆಚೆ. ಹೀಗಾಗಿ ಎರಡೂ ದಡಗಳಲ್ಲಿ ಹೆಣ್ಣುಮರಿಗಳ ಲೆಕ್ಕ ಸಮವಾಗಿಯೇ ಇರುತ್ತಿತ್ತು.

ಹಾಗೆ ಬಂದವಳು ಕೆಂಪಿ. ಅಂಗಳದ ಚಪ್ಪರದಡಿ ನಿಂತು ಮೈ ಕೊಡವಿ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿಯನ್ನು ನೋಡಿ, ತಕ್ಷಣ ಮುಖ ತಿರುಗಿಸಿ ಬೇರೆಡೆ ನೋಡತೊಡಗಿದಳಂತೆ. ಈ ಮುಖ ತಿರುಗಿಸುವುದು ಅವಳ ಜೀವಮಾನದ ಅಭ್ಯಾಸವಾಯಿತು. ಪ್ರೀತಿ ಬಂದರೆ ಉಳಿದ ನಾಯಿಗಳು ಮೇಲೆ ಹಾರುತ್ತವೆ. ಕೆಂಪಿ ಬಂದು ಪಕ್ಕದಲ್ಲಿ ಬೆನ್ನು ಹಾಕಿ ಕೂರುವಳು. ನಿಮಗೂ ಅವಳಿಗೂ ಸಂಬಂಧವೇ ಇಲ್ಲವೆಂಬಂತೆ ದೂರದ ತೆಂಗಿನ ಮರವನ್ನೋ ಒಣಗಿದ ಬಟ್ಟೆಯನ್ನೋ ನೋಡುತ್ತಿರುವಳು. ಆದರೆ ಬಾಲದ ಬಿಳಿಯ ತುದಿ ಮಾತ್ರ ನೆಲಕ್ಕೆ ತಟ್ಟುತ್ತಿರುತ್ತಿತ್ತು. ಎಡಕಿವಿ ಅರ್ಧಕ್ಕೆ ಮಡಚಿಕೊಂಡಿತ್ತು. ಮೈಬಣ್ಣ ನಮ್ಮ ಕರಾವಳಿಯ ಜಂಬಿಟ್ಟಿಗೆಯದು. ಕಾಲು ಗಿಡ್ಡ, ಬೆನ್ನು ಉದ್ದ. ಚಂದ ಎಂದು ಅವಳನ್ನು ಅಜ್ಜಿಯೂ ಕರೆದಿರಲಿಕ್ಕಿಲ್ಲ.

ಹವ್ಯಕರ ಮನೆಯ ನಾಯಿಯಾದ್ದರಿಂದ ಅವಳ ಊಟ ಅನ್ನ, ಮಜ್ಜಿಗೆ, ಹಿಂದಿನ ದಿನದ ತಂಬ್ಳಿ. ತೆಳ್ಳೇವು ಎಂಬ ತೆಳುದೋಸೆಯೆಂದರೆ ಪ್ರಾಣ. ಕಾವಲಿಗೆಯ ಮೇಲೆ ಹಿಟ್ಟು ಬಿದ್ದ ಸದ್ದಿಗೆ ತೋಟದ ಆಚೆ ತುದಿಯಿಂದ ಬರುವಳು. ದೊಡ್ಡಪ್ಪ ಬಂದವರೆದುರು, "ನಮ್ಮ ಕೆಂಪಿ ಶುದ್ಧ ಸಸ್ಯಾಹಾರಿ" ಎಂದು ಹೆಮ್ಮೆಪಡುತ್ತಿದ್ದರು. ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರಿಗೆ ಅವಳು ಬೇರೆಯೇ ರೀತಿಯಲ್ಲಿ ಪರಿಚಯ. ಕರ್ಕಿ ನಾಕಾದ ಹತ್ತಿರ ಬುಟ್ಟಿ ಇಳಿಯುವ ಹೊತ್ತಿಗೆ ಅವಳು ಅಲ್ಲಿ ಅವರಿಗೂ ಬೆನ್ನು ಹಾಕಿ ಕೂತಿರುತ್ತಿದ್ದಳು. ತಾರಲೆಯ ತಲೆಗಳು ಬೀಳುತ್ತಿದ್ದವು. ತಿಂದು, ಗದ್ದೆಯ ಕೆರೆಯಲ್ಲಿ ಮಿಂದು, ಹನ್ನೊಂದು ಗಂಟೆಗೆ ಮನೆಗೆ ಬಂದು ದೇವರಪೂಜೆಯ ಗಂಟೆ ಕೇಳುತ್ತ ಮಲಗುವಳು. ಈ ವಿಷಯ ಮನೆಯಲ್ಲಿ ಅಜ್ಜಿಯೊಬ್ಬಳಿಗೆ ಗೊತ್ತಿತ್ತು. ದೊಡ್ಡಪ್ಪನಿಗೆ ಅವಳು ಹೇಳಲಿಲ್ಲ. ಹೇಳದೆ ಉಳಿಸಿಕೊಂಡ ಇಂಥ ವಿಷಯಗಳು ಅವಳ ಹತ್ತಿರ ಬೇಕಾದಷ್ಟಿದ್ದವು.

ಕೆಂಪಿಗೆ ಒಂದು ವೈರವಿತ್ತು: ಕೊಡೆ. ಮನುಷ್ಯರಿಗೆ ಅವಳು ಬೊಗಳುವುದು ಕಡಿಮೆ. ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಹೋಗುವವರನ್ನು ಸುಮ್ಮನೆ ಬಿಡುವಳು. ಆದರೆ ಬಾಗಿದ ಹಿಡಿಕೆಯ ಕರಿಬಟ್ಟೆಯ ಕೊಡೆಯೊಂದು ಅಂಗಳದಲ್ಲಿ ಫಟ್ಟೆಂದು ಬಿಚ್ಚಿತೋ, ಬಿಚ್ಚಿದವರು ಪುರೋಹಿತ ಭಟ್ಟರೇ ಇರಲಿ, ಶಾಲೆಯ ಮಾಸ್ತರರೇ ಇರಲಿ, ಹಲ್ಲು ಬಿಟ್ಟು, ಬೆನ್ನ ಕೂದಲೆಲ್ಲ ನೆಟ್ಟಗೆ ಮಾಡಿ, ಹಿಂದೆ ಹಿಂದೆ ಸರಿಯುತ್ತ ಬೊಗಳುವಳು. ಮುಂದೆ ಬಂದು ಕಚ್ಚಿದ್ದಿಲ್ಲ. ಹಿಂದೆ ಸರಿಯುವುದೇ. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆಯಿಲ್ಲದೆ ಹೊಸ್ತಿಲು ದಾಟಲಾಗದ ಊರಿನಲ್ಲಿ ಇದೊಂದು ಕಷ್ಟದ ಗುಣ. ಮಳೆಗಾಲದಲ್ಲಿ ನಮ್ಮ ಮನೆಗೆ ಬರುವವರು ಗೇಟಿನಲ್ಲೇ ಕೊಡೆ ಮಡಚಿ, ನೆನೆಯುತ್ತ ಅಂಗಳ ದಾಟಿ ಬರುವ ಪದ್ಧತಿ ಹೀಗೆ ಶುರುವಾಯಿತು. ಅಜ್ಜಿ ಒಂದು ಊಹೆ ಮಾಡಿದ್ದಳು. ಮಳೆಯಲ್ಲಿ ಗೋಣಿ ಹಿಡಿದು ಹೊಳೆ ದಾಟಿಸಿದವನ ಇನ್ನೊಂದು ಕೈಯಲ್ಲಿ ಕೊಡೆ ಇದ್ದಿರಬೇಕು.

ಇಲ್ಲಿಯವರೆಗೂ ಇದು ಒಂದು ನಾಯಿಯ ಕಥೆ. ಮುಂದಿನದು ವಿಚಿತ್ರ. ಬಚ್ಚಲ ಒಲೆಯ ಹಿಂದೆ, ಒಣಗಿದ ಎಲೆಗಳ ದರಕಿನ ರಾಶಿಯ ಮೇಲೆ ಕೆಂಪಿ ಈದಳು. ಮರಿಗಳು ಕಪ್ಪು, ಬಿಳಿ, ಬೂದು, ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣ. ಆದರೆ ಅರ್ಧಕ್ಕರ್ಧ ಮರಿಗಳಿಗೆ ಎಡಕಿವಿ ಮಡಚಿತ್ತು. ದೊಡ್ಡವಾದ ಮೇಲೆ ಅವು ಬೆನ್ನು ಹಾಕಿ ಕೂತವು. ಎಲ್ಲವೂ ಕೊಡೆಗೆ ಬೊಗಳಿದವು. ಗಂಡುಮರಿಗಳು ಯಾರಯಾರದೋ ತೋಟಗಳಿಗೆ ಹೋಗಿ ಅಲ್ಲಿ ಬೊಗಳಿದವು. ಮುದ್ದಿ ಮನೆಯಲ್ಲಿ ಉಳಿದಳು. ಮುದ್ದಿಯ ಮಕ್ಕಳೂ ಬೊಗಳಿದವು. ಆ ಗೋಣಿಚೀಲದ ಮನುಷ್ಯನನ್ನು ಕಂಡವಳು ಕೆಂಪಿಯೊಬ್ಬಳೇ; ಅವನ ಮೇಲಿನ ಸಿಟ್ಟನ್ನು ಅವಳ ಮೊಮ್ಮಕ್ಕಳು, ಮರಿಮಕ್ಕಳು ಊರ ತುಂಬ ಸಾಕುತ್ತ ಬಂದವು. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನನಗೆ ಕರ್ಕಿಯ ಯಾವ ಕೇರಿಯಲ್ಲಿ ಯಾವ ನಾಯಿ ಕೆಂಪಿಯ ಸಂತಾನ ಎಂದು ಪತ್ತೆ ಹಚ್ಚಲು ಒಂದು ಕೊಡೆ ಸಾಕಾಗುತ್ತಿತ್ತು.

ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಪುಸ್ತಕದಂಗಡಿಗಳಲ್ಲಿ ಕಾಲ ಕಳೆಯುವ ಚಟ ಹತ್ತಿದ ಮೇಲೆ ನಾಯಿ ತಳಿಗಳ ಪುಸ್ತಕಗಳು ಕಣ್ಣಿಗೆ ಬಿದ್ದವು. ಶುದ್ಧ ತಳಿ ಸಾಕುವವರು ಒಂದು ವಂಶದ ಬುಡದಲ್ಲಿರುವ ಹೆಣ್ಣುನಾಯಿಗೆ ಬಹಳ ಗೌರವ ಕೊಡುತ್ತಾರೆಂದು ಅಲ್ಲಿ ಓದಿದೆ. ಗಂಡುನಾಯಿ ಒಂದೇ ವರ್ಷದಲ್ಲಿ ಹತ್ತಾರು ಕಡೆ ಮರಿಗಳ ತಂದೆಯಾಗಬಹುದು. ಪ್ರದರ್ಶನದಲ್ಲಿ ಪದಕ ಗೆದ್ದರೆ ಕೇಳುವುದೇ ಬೇಡ. ಹೆಣ್ಣಿಗೆ ಒಂಬತ್ತು ವಾರದ ಬಸಿರು, ಆಮೇಲೆ ಬಾಣಂತನ, ಆಯುಷ್ಯದಲ್ಲಿ ಕೆಲವೇ ಸೂಲು. ಲೆಕ್ಕದಲ್ಲಿ ಗಂಡಿನದೇ ಮೇಲುಗೈ. ಆದರೂ ಅನುಭವಸ್ಥರು ಗಂಡುಮರಿಗಳನ್ನು ಮಾರಿ, ಒಳ್ಳೆಯ ಹೆಣ್ಣುಮರಿಯನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಗಂಡು ಬೇಕಾದಾಗ ಹೊರಗಿನಿಂದ ತರಬಹುದು, ಮನೆಯ ತಳಿ ನಿಲ್ಲುವುದು ಹೆಣ್ಣಿನಲ್ಲಿ ಎಂಬುದು ಅವರ ಮಾತು. ಓದುವಾಗ ನನಗೆ ಬಡಗಣಿ ಸೇತುವೆ ನೆನಪಾಯಿತು. ನಾವು ಊರಿಗೆ ಊರೇ ಸರಿಯಾಗಿ ಅದಕ್ಕೆ ವಿರುದ್ಧ ಮಾಡುತ್ತಿದ್ದೆವು.

ಆ ಪುಸ್ತಕಗಳ ಹೆಣ್ಣುಗಳಲ್ಲಿ ನನಗೆ ಹೆಚ್ಚು ಹತ್ತಿರವೆನಿಸಿದವಳು ಟ್ರಂಪ್. ಹೆಸರು ಕೇಳಿ ಗಾಬರಿಯಾಗಬೇಡಿ, ಇದು 1819ರ ಮಾತು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜಾನ್ ರಸೆಲ್ ಎಂಬ ಹುಡುಗ, ಮುಂದೆ ಪಾದ್ರಿಯಾಗಬೇಕಾದವನು, ಹತ್ತಿರದ ಮಾರ್ಸ್ಟನ್ ಎಂಬ ಹಳ್ಳಿಯ ಬಳಿ ಹಾಲಿನವನೊಬ್ಬನ ಜೊತೆಗಿದ್ದ ಪುಟ್ಟ ಬಿಳಿ ಹೆಣ್ಣುನಾಯಿಯನ್ನು ಕಂಡು ಅಲ್ಲೇ ನಿಂತುಬಿಟ್ಟ. ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ಪುಟ್ಟ ನಾಣ್ಯದಷ್ಟು ಇನ್ನೊಂದು. ಹಾಲಿನವನನ್ನು ಒಪ್ಪಿಸಿ ಕೊಂಡುಕೊಂಡ. ಇಂದು ಲೋಕವೆಲ್ಲ ಬಲ್ಲ ಜಾಕ್ ರಸೆಲ್ ಟೆರಿಯರ್ ತಳಿಯ ಮೂಲ ಆ ನಾಯಿ. ಅವಳ ಚಿತ್ರ ಇಂಗ್ಲೆಂಡಿನ ರಾಜಮನೆತನದ ಸ್ಯಾಂಡ್ರಿಂಗಮ್ ಅರಮನೆಯ ಗೋಡೆ ಸೇರಿತು. ರಸೆಲ್ ಸಾಹೇಬರು 1873ರಲ್ಲಿ ಕೆನಲ್ ಕ್ಲಬ್ಬು ಶುರುವಾದಾಗ ಅದರ ಮೊದಲ ಸದಸ್ಯರಲ್ಲಿ ಒಬ್ಬರಾದರು. ತಳಿಗೆ ಅವರ ಹೆಸರೇ ನಿಂತಿತು. ಹಾಲಿನವನ ಹೆಸರು ಯಾರೂ ಬರೆದಿಡಲಿಲ್ಲ. ಬೆಳಗಾತ ಹಾಲು ಹಾಕಿ ಬರಿಗೈಯಲ್ಲಿ ಮನೆಗೆ ಹೋದಾಗ ಅವನ ಹೆಂಡತಿ ಏನಂದಳೋ ಎಂಬ ಯೋಚನೆ ನನಗೆ ಈಗಲೂ ಬರುತ್ತದೆ.

ಗೋಲ್ಡನ್ ರಿಟ್ರೀವರ್‌ಗಳ ಕಥೆ ಇನ್ನೂ ಚೆನ್ನ. ಆ ಹೊಂಬಣ್ಣದ ನಾಯಿಗಳು ರಷ್ಯದ ಸರ್ಕಸ್ಸಿನಿಂದ ಬಂದವು ಎಂದು ಬಹುಕಾಲ ಜನ ನಂಬಿದ್ದರು. 1952ರಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕ ಬೆಳಕಿಗೆ ಬಂತು. ಸ್ಕಾಟ್ಲೆಂಡಿನ ಗೈಸಖನ್ ಎಸ್ಟೇಟಿನ ಟ್ವೀಡ್‌ಮೌತ್ ಎಂಬ ಲಾರ್ಡು ತನ್ನ ನಾಯಿಗಳ ಸೂಲು ಸೂಲನ್ನೂ ಬರೆದಿಟ್ಟ ಪುಸ್ತಕ ಅದು. ಸರ್ಕಸ್ಸು ಕರಗಿಹೋಯಿತು; ಅಲ್ಲಿದ್ದದ್ದು ಟ್ವೀಡ್ ನದಿಯ ದಂಡೆಯ ವಾಟರ್ ಸ್ಪ್ಯಾನಿಯಲ್ ಜಾತಿಯ ಬೆಲ್ ಎಂಬ ಹೆಣ್ಣು, 1868ರಲ್ಲಿ ಅವಳು ಈದ ನಾಲ್ಕು ಹಳದಿ ಮರಿಗಳು. ತಂದೆಯ ಹೆಸರೂ ಅಲ್ಲಿದೆ, ನೂಸ್ ಎಂದು. ಆದರೆ ಬೆಲ್ ಬಂದದ್ದು ಹೊಳೆಯ ಕಡೆಯಿಂದ ಎಂದು ಓದಿದಾಗ ನನ್ನ ಪಕ್ಷಪಾತ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಇವರೆಲ್ಲರಿಗಿಂತ ಮನಸ್ಸಿಗೆ ನಾಟಿದವಳು ಜರ್ಮನಿಯ ಮೇಟಾ. ಪೂರ್ತಿ ಹೆಸರು ಮೇಟಾ ಫಾನ್ ಡೆರ್ ಪಸಾಝ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್ಕಿನವರು ಬಾಕ್ಸರ್ ತಳಿಯನ್ನು ರೂಪಿಸುವಾಗ ಅದರ ತಾಯಿಬೇರಾದವಳು. ಹೆಸರಾಂತ ಬಾಕ್ಸರ್‌ಗಳ ವಂಶವೆಲ್ಲ ಹಿಂದೆ ಹಿಂದೆ ಹೋದರೆ ಅವಳನ್ನು ಮುಟ್ಟುತ್ತದೆ. ಅವಳ ಹಳೆಯ ಫೋಟೋ ಇದೆ. ನೆಲಕ್ಕೆ ಹತ್ತಿರದ ಮೈ, ಉದ್ದ ಬೆನ್ನು, ಜೋಲು ತುಟಿ, ಬಿಳಿಯ ಮೈಮೇಲೆ ಅಲ್ಲಲ್ಲಿ ಪಟ್ಟೆ ಬಣ್ಣದ ತೇಪೆ. ಅವಳ ಮಕ್ಕಳು ಮೊಮ್ಮಕ್ಕಳು ನೆಟ್ಟಗೆ ನಿಂತು ಪದಕ ಗೆದ್ದವು. ಗೆದ್ದ ಮೇಲೆ ತಳಿಯ ಹಿರಿಯರೆಲ್ಲ ಕೂತು, ಬಾಕ್ಸರ್ ಹೇಗಿರಬೇಕೆಂದು ನಿಯಮ ಬಿಗಿ ಮಾಡಿದರು. ಬಿಳಿಯ ಮರಿಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲವೆಂದು 1920ರ ದಶಕದಲ್ಲಿ ತೀರ್ಮಾನವಾಯಿತು. ಮೇಟಾ ಆಗ ಬಂದು ಬಾಗಿಲಲ್ಲಿ ನಿಂತಿದ್ದರೆ ಅವಳ ಮರಿಮಕ್ಕಳ ಸಭೆಗೆ ಅವಳನ್ನೇ ಒಳಗೆ ಬಿಡುತ್ತಿರಲಿಲ್ಲ. ಇಂದಿಗೂ ಬಾಕ್ಸರ್ ಸೂಲುಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಯ ಮರಿ ಹುಟ್ಟುತ್ತಲೇ ಇರುತ್ತದೆ. ಯಾರೂ ಬೇಡವೆಂದರೂ ಅಜ್ಜಿ ಬಂದು ಹೋಗುತ್ತಾಳೆ.

ಕುದುರೆಯವರು ಇದರಲ್ಲಿ ನಾಯಿಯವರಿಗಿಂತ ಒಂದು ಕೈ ಮೇಲು. ರೇಸಿನ ಕುದುರೆಗಳ ಮೂಲ ಗಂಡುಗಳು ಮೂರು: ಡಾರ್ಲಿ ಅರೇಬಿಯನ್, ಬಯರ್ಲಿ ಟರ್ಕ್, ಗಾಡಾಲ್ಫಿನ್. ಮೂರಕ್ಕೂ ಬಿರುದುಬಾವಲಿ, ತೈಲಚಿತ್ರ. ಬ್ರೂಸ್ ಲೋ ಎಂಬ ಆಸ್ಟ್ರೇಲಿಯದವನು ತಾಯಿವಂಶಗಳನ್ನು ಹುಡುಕಿ ಕೂಡಿಸಿ 43ಕ್ಕೆ ತಂದ. ಗೆಲ್ಲುವ ಕುದುರೆಗಳು ಯಾವ ತಾಯಿಯ ಸಂತಾನವೆಂದು ನೋಡಬೇಕೆನ್ನುವುದು ಅವನ ವಾದ. ಒಳ್ಳೆಯ ಕೆಲಸ. ಆದರೆ ಆ ವಂಶಗಳಿಗೆ ಅವನು ಕೊಟ್ಟದ್ದು ನಂಬರುಗಳನ್ನು. ಒಂದನೆಯ ನಂಬರು, ಎರಡನೆಯ ನಂಬರು. ನಮ್ಮ ದೊಡ್ಡಪ್ಪನ ಕಂಸವೇ ವಾಸಿ ಅನಿಸಿತು.

ನಮ್ಮಲ್ಲಿ ತಳಿ ಎಂದರೆ ಮುಧೋಳ. ಕರ್ನಾಟಕದ ಹೆಮ್ಮೆಯ ಬೇಟೆನಾಯಿ; ಕಡ್ಡಿ ಮೈ, ಆಳವಾದ ಎದೆ, ಉದ್ದ ಮೂತಿ, ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಜಾತಿ. 2005ರಲ್ಲಿ ಅಂಚೆಚೀಟಿಗೆ ಏರಿತು, 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದವು, 2020ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ದೇಶದ ನೋಂದಾಯಿತ ತಳಿಗಳ ಪಟ್ಟಿಗೆ ಸೇರಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಈ ತಳಿಯ ಕಥೆ ಹೇಳುವವರೆಲ್ಲ ಶುರುಮಾಡುವುದು ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರಿಂದ. ಬೇಡರ ಜೊತೆ ಬೇಟೆಗೆ ಹೋಗುತ್ತಿದ್ದ ನಾಯಿಗಳನ್ನು ಕಂಡು ಮೆಚ್ಚಿ ರಾಜರು ಬೆಳೆಸಿದರು, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಮರಿ ಕಾಣಿಕೆ ಕೊಟ್ಟರು ಎಂದು ಆ ಕಡೆಯವರು ಹೇಳುತ್ತಾರೆ. ರಾಜರ ಕಣ್ಣು ದೊಡ್ಡದು, ಒಪ್ಪೋಣ. ಆದರೆ ಅವರ ಕಣ್ಣಿಗೆ ಬೀಳುವ ಮುಂಚೆ ಎಷ್ಟೋ ತಲೆಮಾರು ಯಾವುದೋ ಬೇಡರ ಗುಡಿಸಲಿನಲ್ಲಿ, ಯಾವುದೋ ಅಜ್ಜಿ, ಈ ಹೆಣ್ಣುಮರಿ ಇರಲಿ ಎಂದು ಇಟ್ಟುಕೊಂಡದ್ದರಿಂದಲೇ ಆ ನಾಯಿಗಳು ಅಲ್ಲಿ ಇದ್ದವು.

ಮುಧೋಳ ಎಂದರೆ ರನ್ನನೂ ನೆನಪಾಗುತ್ತಾನೆ. ಬಳೆಗಾರರ ಮನೆಯ ಹುಡುಗ, ಚಕ್ರವರ್ತಿ ತೈಲಪನ ಆಸ್ಥಾನ ಸೇರಿದವನು. ಅವನನ್ನು ಪೊರೆದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳೂ ಅವಳೇ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ. ಬರೆದವರು ಗಂಡಸರು, ಉಳಿಸಿದವಳು ಅತ್ತಿಮಬ್ಬೆ. ಇವಳ ಹೆಸರನ್ನಾದರೂ ನಾವು ಮರೆಯಲಿಲ್ಲವಲ್ಲ ಎಂಬುದು ಸಮಾಧಾನ.

ಮರೆಯುವ ವಿಷಯದಲ್ಲಿ ನಮ್ಮ ಊರಿಗೂ ಒಂದು ಅನುಭವವಿದೆ. ಮರಾಠಿ ರಂಗಭೂಮಿಯ ಚರಿತ್ರೆ ಬರೆದವರು ಅದರ ಬುಡದಲ್ಲಿ ಕರ್ಕಿಯ ಭಾಗವತ ಮೇಳವನ್ನು ಇಡುತ್ತಾರೆ. 1842ರ ಸುಮಾರಿಗೆ ನಮ್ಮ ಊರಿನ ಮೇಳ ಘಟ್ಟ ಹತ್ತಿ ಸಾಂಗ್ಲಿಗೆ ಹೋಗಿ ಅಲ್ಲಿನ ಪಟವರ್ಧನ ಅರಸರೆದುರು ಆಟ ಆಡಿತು. ಅದನ್ನು ಕಂಡ ಪ್ರೇರಣೆಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಆಡಿಸಿದರು; ಮರಾಠಿ ನಾಟಕ ಶುರುವಾಯಿತು. ಇಂದು ಮುಂಬಯಿಯ ನಾಟಕಮಂದಿರದಲ್ಲಿ ಕೂತ ಪ್ರೇಕ್ಷಕನಿಗೆ ಕರ್ಕಿ ಎಲ್ಲಿದೆಯೆಂದು ಗೊತ್ತಿರುವ ಸಂಭವ ಕಡಿಮೆ. ಊರಿನವರಾದ ನಮಗೂ ಇದು ಪುಸ್ತಕ ಓದಿಯೇ ಗೊತ್ತಾದದ್ದು. ಹಾಸ್ಯಗಾರ ಮನೆತನದವರ ವೇಷ ನೋಡಿ ಬೆಳೆದ ಅಜ್ಜಿಗೆ ಈ ಸುದ್ದಿ ಹೇಳಿದೆ. "ಅಷ್ಟು ದೂರ ಹೋದವಕ್ಕೆ ಊಟಕ್ಕೆ ಎಂತ ಮಾಡಿದ್ವಡ?" ಎಂದು ಕೇಳಿದಳು. ರಂಗಭೂಮಿಯ ಚರಿತ್ರೆಕಾರರು ಅದನ್ನು ಬರೆದಿಲ್ಲ.

ಕೊಡೆಯ ವಿಷಯ ಬಗೆಹರಿಯದೆ ಬಹಳ ದಿನ ನನ್ನನ್ನು ಕಾಡಿತು. ಮಡಚಿದ ಕಿವಿ ರಕ್ತದಲ್ಲಿ ಬರಬಹುದು. ಕೊಡೆಯ ಮೇಲಿನ ದ್ವೇಷ ಬರುವುದು ಹೇಗೆ? ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿನ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬಿಬ್ಬರು ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ ಮರಿ ಏನು ಕಾಣುತ್ತದೆ, ಯಾರ ಜೊತೆ ಇರುತ್ತದೆ ಎಂಬುದು ಅದರ ಆಯುಷ್ಯದ ಸ್ವಭಾವವನ್ನು ತಿದ್ದುತ್ತದೆಂದು ಅವರು ಕಂಡುಕೊಂಡರು. ಆ ದಿನಗಳಲ್ಲಿ ಮರಿಯ ಎದುರಿಗೆ ಇರುವವಳು ತಾಯಿ. ತಂದೆ ಆಗ ಇನ್ನೊಂದು ಬೇಲಿಯಾಚೆ ಹಾಡುತ್ತಿರುತ್ತಾನೆ. ತಾಯಿ ಬೆದರಿದ್ದಕ್ಕೆ ಮರಿ ಬೆದರುತ್ತದೆ, ತಾಯಿ ನೆಚ್ಚಿದ್ದನ್ನು ನೆಚ್ಚುತ್ತದೆ. ರಕ್ತದಲ್ಲೂ ಅವಳದು ಒಂದು ಪಾಲು ಹೆಚ್ಚು: ಜೀವಕೋಶದೊಳಗೆ ಶಕ್ತಿ ಕಾಯಿಸುವ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳ ಡಿಎನ್‌ಎ ಮರಿಗೆ ಬರುವುದು ತಾಯಿಯಿಂದ ಮಾತ್ರ. ಅಂದರೆ ಮುದ್ದಿ ಆ ವಾರಗಳಲ್ಲಿ, ದರಕಿನ ರಾಶಿಯಿಂದ ತಲೆ ಹೊರಗಿಟ್ಟು, ಕೊಡೆ ಬಿಚ್ಚಿದಾಗ ತಾಯಿ ಹಿಂದೆ ಸರಿಯುವುದನ್ನು ನೋಡಿದಳು. ನೋಡಿ ತಾನೂ ಸರಿದಳು. ಅಷ್ಟೇ ಸಾಕಾಯಿತು.

ಇದನ್ನೆಲ್ಲ ಓದಿಕೊಂಡು ಊರಿಗೆ ಹೋದಾಗ ಅಜ್ಜಿಗೆ ವಿವರಿಸಿದೆ. ಆಗ ಅವಳಿಗೆ ಕಿವಿ ಮಂದ. ಪೂರ್ತಿ ಕೇಳಿಸಿಕೊಂಡು, ಪುರಾಣದ ದಾರಿ ಹಿಡಿದಳು. ಮಹಾಭಾರತ ಶುರುವಾಗುವುದೇ ಒಂದು ಹೆಣ್ಣುನಾಯಿಯ ಫಿರ್ಯಾದಿನಿಂದ ಎಂದು ಅವಳು ನೆನಪಿಸಿದಳು. ಆದಿಪರ್ವದ ಮೊದಲ ಭಾಗದಲ್ಲೇ ಆ ಪ್ರಸಂಗವಿದೆ. ಜನಮೇಜ‍ಯನ ಯಜ್ಞಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆಯುತ್ತಾರೆ. ಅದು ಹವಿಸ್ಸನ್ನು ಮುಟ್ಟಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಅವಳು ಶಾಪ ಕೊಟ್ಟು ಹೋಗುತ್ತಾಳೆ, ದೊರೆ ಕಂಗಾಲಾಗುತ್ತಾನೆ. ವೇದದಲ್ಲಿ ಇಂದ್ರನ ಕಳೆದುಹೋದ ಹಸುಗಳನ್ನು ಪತ್ತೆ ಮಾಡಿದವಳೂ ಈ ಸರಮೆಯೇ. ಯಮನ ಬಾಗಿಲು ಕಾಯುವ ನಾಲ್ಕು ಕಣ್ಣಿನ ನಾಯಿಗಳು ಅವಳ ಮಕ್ಕಳು. ಲೋಕದ ನಾಯಿಗಳೆಲ್ಲ ಅವಳ ಹೆಸರಿನಿಂದಲೇ ಸಾರಮೇಯಗಳಾದವು. ಇಷ್ಟು ಹೇಳಿ ಅಜ್ಜಿ ಪುಟ್ಟಿಯ ಬೆನ್ನು ಸವರಿದಳು. ಪುಟ್ಟಿ ಮುಖ ತಿರುಗಿಸಿ ತೆಂಗಿನ ಮರ ನೋಡುತ್ತಿದ್ದಳು.

ಅಜ್ಜಿ ಹೋಗಿ ಈಗ ಬಹಳ ಕಾಲವಾಯಿತು. ಅವಳಿಗೂ ಒಂದು ಅಭ್ಯಾಸವಿತ್ತು. ಮಲಗುವ ಮುನ್ನ ಹೆಬ್ಬಾಗಿಲ ಅಗುಳಿ ಹಾಕಿ, ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಅಗುಳಿಯನ್ನು ಒಮ್ಮೆ ಅಲ್ಲಾಡಿಸಿ, "ಸರಿ ಇದ್ದು" ಎಂದು ಗಟ್ಟಿಯಾಗಿ ತನಗೇ ಹೇಳಿಕೊಳ್ಳುವಳು. ಆಯಿ, ಎಂದರೆ ನನ್ನ ಅಮ್ಮ, ಇದನ್ನು ನೋಡಿ ನಗುತ್ತಿದ್ದಳು. ಈಚೆಗೆ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳ ಮನೆಗೆ ಹೋದ ಬಂಧುವೊಬ್ಬರು ಬಂದು ಸುದ್ದಿ ಹೇಳಿದರು. ಆ ಕೂಸು ರಾತ್ರಿ ಬಾಗಿಲ ನಂಬರು ಒತ್ತಿ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಹಿಡಿಕೆ ಅಲ್ಲಾಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿಕೊಳ್ಳುತ್ತಾಳಂತೆ. ಅವಳು ಅಜ್ಜಿಯನ್ನು ನೋಡಿಯೇ ಇಲ್ಲ. ದೊಡ್ಡಪ್ಪನ ವಂಶಾವಳಿಯಲ್ಲಿ ಅಕ್ಕನಿಗೇ ಜಾಗವಿಲ್ಲದ ಮೇಲೆ ಅವಳ ಮಗಳು ಎಲ್ಲಿ ಬರಬೇಕು? ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಕುಲದ ಪುಸ್ತಕಕ್ಕೆ ಹೋಗುತ್ತಾರೆ; ಅಲ್ಲಿ ಕಂಸದೊಳಗೆ ಸಿಗಬಹುದು.

ಕೆಂಪಿಯ ವಂಶಕ್ಕೆ ಈಗ ಒಂದು ಬಿಕ್ಕಟ್ಟು ಬಂದಿದೆ. ಹೆದ್ದಾರಿ ಅಗಲವಾಯಿತು, ವಾಹನಗಳ ಓಟ ಹೆಚ್ಚಿತು. ಕೇರಿಗಳಲ್ಲಿದ್ದ ಎಷ್ಟೋ ಕೊಡೆವೈರಿಗಳು ರಸ್ತೆಯ ಮೇಲೇ ಮುಗಿದವು. ಪಟ್ಟಣದಿಂದ ಬಂದವರು ಲ್ಯಾಬ್ರಡಾರ್, ಪಮೇರಿಯನ್ ತಂದು ಕಟ್ಟಿದರು. ನನಗೆ ತಿಳಿದಂತೆ ತಾಯಿಸಾಲಿನಲ್ಲಿ ಉಳಿದದ್ದು ತಮ್ಮನ ಮನೆಯ ಒಂದೇ ಹೆಣ್ಣು. ಅದಕ್ಕೂ ವಯಸ್ಸಾಯಿತೆಂದು ಈ ಸಲದ ಸೂಲಿನ ನಂತರ ಡಾಕ್ಟರನ್ನು ಕರೆಸಿ ಆಪರೇಷನ್ ಮಾಡಿಸಿದ್ದಾನೆ. ಒಳ್ಳೆಯದೇ ಮಾಡಿದ, ಗೋಣಿಚೀಲಕ್ಕಿಂತ ಅದು ಸಾವಿರ ಪಾಲು ಮೇಲು. ಕೊನೆಯ ಸೂಲಿನ ಗಂಡುಮರಿಗಳು ಕಣ್ಣು ಬಿಡುವ ಮೊದಲೇ ಹೋದವು. ಹೆಣ್ಣು ಮೂರು ಉಳಿದಿವೆ.

ಇಬ್ಬರಿಗೆ ಎಡಕಿವಿ ಮಡಚಿದೆ, ಮೂರನೆಯವಳಿಗೆ ಬಾಲದ ತುದಿ ಬಿಳಿ. ಲಸಿಕೆ ಹಾಕಿಸಿ ಆಗಿದೆ, ಮಜ್ಜಿಗೆ ಅನ್ನ ತಿನ್ನುತ್ತವೆ, ತೆಳ್ಳೇವು ಕೊಟ್ಟರೆ ಮತ್ತೂ ಸಂತೋಷ. ಮೀನಿನ ವಿಷಯ ನಾನು ಹೇಳುವುದಿಲ್ಲ. ಪ್ರೀತಿ ತೋರಿಸುವಾಗ ಬೆನ್ನು ಹಾಕಿ ಕೂರುತ್ತವೆ, ತಪ್ಪು ತಿಳಿಯಬಾರದು. ಬೇಕಾದವರು ಕರ್ಕಿ ನಾಕಾದಲ್ಲಿ ಇಳಿದು ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಬಿಸಿಲಿಗೆಂದು ಕೊಡೆ ತಂದಿದ್ದರೆ ದಯವಿಟ್ಟು ಗೇಟಿನಲ್ಲೇ ಮಡಚಿ ಬನ್ನಿ.